ಮುದುಕಿ ನೀರಿಗಿಳಿದ ವಾರ

ನಮ್ಮ ದೊಡ್ಡಮ್ಮನಿಗೆ ಯಾರಾದರೂ "ಆಗಲ್ಲ" ಎಂದುಬಿಟ್ಟರೆ ಮುಗಿಯಿತು, ಅದನ್ನು ಮಾಡಿ ತೋರಿಸುವವರೆಗೆ ಅವರಿಗೆ ಊಟ ಸೇರುವುದಿಲ್ಲ. ದೋಣಿ ಕಾರ್ಖಾನೆಯ ಮಹಡಿಯಲ್ಲಿ ಮೂವತ್ತೆರಡು ವರ್ಷ ಕೂತು ಹಾಯಿ ಹೊಲಿದವರು. ದಪ್ಪ ಬಟ್ಟೆಗೆ ದಬ್ಬಣ ಚುಚ್ಚಿ ಚುಚ್ಚಿ ಅವರ ಬಲಗೈ ಹೆಬ್ಬೆರಳು ಪಕ್ಕಕ್ಕೆ ತಿರುಗಿ ನಿಂತಿದೆ. ಕೆಳಗಿನ ಅಂಗಳ ಬಡಗಿಗಳದ್ದು. ಹೊಲಿಯುವವರು ಅಲ್ಲಿ ಕೈ ಹಾಕಬಾರದೆಂದು ಯಾರೂ ಬರೆದು ಅಂಟಿಸಿರಲಿಲ್ಲ, ಆದರೂ ಯಾರೂ ಹಾಕುತ್ತಿರಲಿಲ್ಲ.

ಆ ಅಂಗಳದ ಮೂಲೆಯಲ್ಲಿ ಒಂದು ಮರದ ಹಾಯಿದೋಣಿ ಹನ್ನೊಂದು ವರ್ಷದಿಂದ ಒಣಗುತ್ತಾ ನಿಂತಿತ್ತು. ಕೆಲಸಗಾರರು ಅದಕ್ಕೆ ಮುದುಕಿ ಎಂದು ಹೆಸರಿಟ್ಟಿದ್ದರು. ದೊಡ್ಡಮ್ಮ ಕೆಲಸಕ್ಕೆ ಸೇರಿ ಮೊದಲು ಹೊಲಿದದ್ದು ಅದರ ಹಾಯಿಯನ್ನೇ. ಫೈಬರ್ ದೋಣಿಗಳಿಗೆ ಜಾಗ ಬೇಕೆಂದು ಕಾರ್ಖಾನೆಯ ಯಜಮಾನರು ಅದನ್ನು ಒಡೆಸಲು ಹೊರಟಾಗ, ದೊಡ್ಡಮ್ಮ ಮಹಡಿಯಿಂದ ಇಳಿದು ಬಂದು ನನಗೆ ಕೊಡಿ ಎಂದು ಕೇಳಿದರು.

ಯಜಮಾನರು ನಕ್ಕರು. "ತಗೊಂಡು ಹೋಗಿ ಅಮ್ಮಾ. ಆದ್ರೆ ಲಾರೀಲಲ್ಲ, ನೀರಿನ ಮೇಲೆ. ಒಂದು ವರ್ಷ ಕೊಡ್ತೀನಿ. ನೀರು ಹೊರಹಾಕೋ ಪಂಪು ನಿಲ್ಲಿಸಿ ಒಂದು ಗಂಟೆ ತೇಲಿಸಿ ತೋರ್ಸಿ, ದೋಣಿ ನಿಮ್ದು. ಮುಳುಗಿದ್ರೆ ಸೌದೆ."

ದೊಡ್ಡಮ್ಮ ಕೆಲಸ ಬಿಟ್ಟು ದೋಣಿಯ ಬೆನ್ನು ಹತ್ತಿದರು. ರಜೆ ಸಿಕ್ಕಾಗಲೆಲ್ಲ ನಾನೂ ಹೋಗುತ್ತಿದ್ದೆ. ಹುಳು ತಿಂದ ಒಂಬತ್ತು ಹಲಗೆ ಬದಲಾಯಿಸಿದೆವು, ತುಕ್ಕು ಹಿಡಿದ ಬೋಲ್ಟುಗಳನ್ನು ಕಿತ್ತು ಕಂಚಿನವನ್ನು ಹಾಕಿದೆವು. ಹೊಗೆ ಕಾರುವ ಹಳೆಯ ಇಂಜಿನ್ ಹೋಗಿ ಬ್ಯಾಟರಿ ಮೋಟಾರು ಬಂತು. ಹಳೆಯ ದೋಣಿಗೆ ಹೊಸ ಮೋಟಾರು ಯಾಕೆ ಎಂದು ಕೇಳಿದರೆ, "ಹಳೇದನ್ನ ಉಳಿಸ್ಬೇಕು ಅಂದ್ರೆ ಹಳೇ ಕೆಮ್ಮನ್ನೂ ಉಳಿಸ್ಬೇಕೇನೇ?" ಎಂದು ಗದರಿದರು. ದೊಡ್ಡಪ್ಪ ಮಾತ್ರ ಸಿಕ್ಕವರಿಗೆಲ್ಲ, "ಸವತಿ ತರೋದು ಗಂಡಂದಿರು ಅಂತ ಕೇಳಿದ್ದೆ. ನನ್ನ ಹೆಂಡ್ತಿ ತಾನೇ ತಂದ್ಕೊಂಡಿದಾಳೆ, ಅದೂ ಮುದುಕೀನ!" ಎಂದು ಹೇಳಿಕೊಂಡು ತಿರುಗಿದರು.

ಮರದ ಕೆಲಸಕ್ಕೆ ಬೆನ್ನೆಲುಬಾಗಿದ್ದವರು ಅಂಗಳದ ಹಳೆಯ ಬಡಗಿ ಮೇಸ್ತ್ರಿ. ಒಳ್ಳೆಯ ಮನುಷ್ಯ, ಒಳ್ಳೆಯತನದಿಂದಲೇ ಎಡವಟ್ಟು ಮಾಡಿದರು. ಗಡುವಿಗೆ ಎರಡು ವಾರವಿದ್ದಾಗ ದೊಡ್ಡಮ್ಮ ಹಲ್ಲು ಕೀಳಿಸಲು ಹೋಗಿ ಎರಡು ದಿನ ಬರಲಿಲ್ಲ. ಮೂರನೆಯ ದಿನ ಊದಿದ ಕೆನ್ನೆ ಹೊತ್ತು ಬಂದು ನೋಡಿದರೆ, ಹಲಗೆಗಳ ನಡುವಿನ ಸಂದುಗಳಿಗೆಲ್ಲ ಫೈಬರ್ ದೋಣಿಗೆ ಹಚ್ಚುವ, ಕಲ್ಲಿನಂತೆ ಗಟ್ಟಿಯಾಗುವ ಮೆತ್ತು.

"ಯಾರು ತುಂಬಿದ್ದು?"

"ನಾನೇ ಅಕ್ಕ," ಎಂದರು ಮೇಸ್ತ್ರಿ. "ಅಷ್ಟಗಲ ಬಿರುಕು ಬಿಟ್ಕೊಂಡು ನೀರಿಗಿಳಿಸಿದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು?"

"ಹನ್ನೊಂದು ವರ್ಷ ಒಣಗಿರೋ ಮರ ಕಣಪ್ಪ. ನೀರು ಕುಡಿದು ಊದ್ಕೊಂಡಾಗ ಅದಕ್ಕೆ ಜಾಗ ಎಲ್ಲಿ? ಒಂದಕ್ಕೊಂದು ಒತ್ತಿ ಒಳಗಿನ ಪಕ್ಕೆಲುಬೆಲ್ಲ ಮುರಿಯತ್ತೆ. ಹೊಸ ಹಾಯೀನ ಮೊದಲ್ನೇ ದಿನಾನೇ ಬಿಗಿದು ಕಟ್ತಾರಾ ಯಾರಾದ್ರೂ?"

ಮೇಸ್ತ್ರಿಯ ಮುಖ ಬಿಳುಚಿಕೊಂಡಿತು. ಹದಿನೈದು ವರ್ಷದಿಂದ ಅವರ ಕೈ ಬರೀ ಫೈಬರಿನಲ್ಲಿತ್ತು. ಫೈಬರ್ ನೀರು ಕುಡಿಯುವುದಿಲ್ಲ. ಮರ ಕುಡಿಯುತ್ತದೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಮೂವರೂ ಕೂತು ನಾಲ್ಕು ದಿನ ಆ ಮೆತ್ತನ್ನು ಕೆತ್ತಿ ತೆಗೆದೆವು. ಬದಲಿಗೆ ಹತ್ತಿಯ ನೂಲನ್ನು ಹಗುರವಾಗಿ ತಟ್ಟಿ ಕೂರಿಸಿ, ಮೇಲೆ ಮೆದುವಾದ ಮೇಣ ಸವರಿದೆವು. ಬೆರಳು ನೋಯುತ್ತಿತ್ತು, ನನಗಂತೂ ಕೆಟ್ಟ ಸಿಟ್ಟು ಬಂದಿತ್ತು.

ಬುಧವಾರ ಬೆಳಿಗ್ಗೆ ಕ್ರೇನು ಮುದುಕಿಯನ್ನು ನೀರಿಗಿಳಿಸಿತು. ಮೂವತ್ತು ಕಡೆಯಿಂದ ನೀರು ನುಗ್ಗಿತು. ದಡದಲ್ಲಿ ಯಾರೋ ಸೀಟಿ ಹೊಡೆದರು. ಯಜಮಾನರು ಕ್ರೇನಿನವನಿಗೆ ಎತ್ತು ಎಂದು ಸನ್ನೆ ಮಾಡಿದರು. ದೊಡ್ಡಮ್ಮ ದೋಣಿಗಿಳಿದು, ಕ್ರೇನಿನ ಪಟ್ಟಿಯನ್ನು ಬಿಚ್ಚಿ ಎಸೆದು, ನಟ್ಟನಡುವೆ ಕೂತುಬಿಟ್ಟರು.

"ಗಡುವು ಶನಿವಾರ. ಅಷ್ಟರೊಳಗೆ ಎತ್ತೋದಾದ್ರೆ ನನ್ನೂ ಸೇರಿಸಿ ಎತ್ತಿ!"

ಪಂಪು ಬಿಡುವಿಲ್ಲದೆ ಓಡಿತು. ಅದು ಸಾಲದೆ ನಾನೂ ಮೇಸ್ತ್ರಿಯೂ ಬಕೆಟ್ ಹಿಡಿದೆವು. ದೊಡ್ಡಪ್ಪ ಊಟದ ಡಬ್ಬಿ ತಂದು ದಡದಲ್ಲಿಟ್ಟು ದೂರ ನಿಲ್ಲುತ್ತಿದ್ದರು. ಸಂಜೆ ಹೊತ್ತಿಗೆ ಸೊಂಟ ಬಿದ್ದುಹೋಗಿ ನಾನು, "ಬಿಟ್ಬಿಡಿ ದೊಡ್ಡಮ್ಮ, ಜನ ನಗ್ತಿದಾರೆ," ಎಂದೆ.

"ನಗ್ಲಿ. ಮೇಲಿನ ಕಿಟಕಿಯಿಂದ ಎಷ್ಟು ಮರದ ದೋಣಿ ಇಳಿಯೋದು ನೋಡಿದೀನಿ ಗೊತ್ತಾ? ಎಲ್ಲಾನೂ ಮೊದಲು ಹಿಂಗೇ ಸೋರೋದು, ಮರ ಊದ್ಕೊಂಡ ಮೇಲೆ ಸಂದು ತಾನಾಗೇ ಮುಚ್ಕೊಳ್ಳೋದು. ಎತ್ತು ಬಕೆಟ್ಟು."

ಗುರುವಾರ ಮಧ್ಯಾಹ್ನ ಎಳೆಯಲು ನೀರಿಲ್ಲದೆ ಪಂಪು ಒಮ್ಮೆ ತಾನಾಗಿಯೇ ನಿಂತಿತು. ಶುಕ್ರವಾರ ಗಂಟೆಗೊಮ್ಮೆ ಮಾತ್ರ ಕೂಗಿತು. ಶನಿವಾರ ಯಜಮಾನರೇ ಬಂದು ಪಂಪಿನ ಸ್ವಿಚ್ಚು ಆರಿಸಿ, ಗಡಿಯಾರ ನೋಡುತ್ತಾ ನಿಂತರು. ಒಂದು ಗಂಟೆಯಾದ ಮೇಲೆ ದೊಡ್ಡಮ್ಮ ತಳಕ್ಕೆ ಬೆರಳಿಳಿಸಿ ಎತ್ತಿ ತೋರಿಸಿದರು. ಉಗುರು ಮಾತ್ರ ನೆನೆದಿತ್ತು.

"ಭೇಷ್ ಮೇಸ್ತ್ರಿ!" ಎಂದರು ಯಜಮಾನರು. ನನಗೆ ಮೈಯೆಲ್ಲ ಉರಿಯಿತು.

"ನನ್ನ ಕೈಗೆ ಬಿಟ್ಟಿದ್ರೆ ಮುರಿದಿರ್ತಿತ್ತು ಸಾರ್," ಎಂದರು ಮೇಸ್ತ್ರಿ. "ಇದು ಅಕ್ಕನ ಕೆಲಸ."

ಯಜಮಾನರು ತಕ್ಷಣ ರಾಗ ಬದಲಿಸಿದರು. "ಹಾಗಾದ್ರೆ ಅಮ್ಮಾ, ದೋಣಿ ಇಲ್ಲೇ ಗೇಟಿನ ಮುಂದೆ ಇರ್ಲಿ. ಬಂದವರು ನೋಡ್ಲಿ."

"ನೀವು ಹೇಳಿದ್ದು ತಗೊಂಡು ಹೋಗಿ ಅಂತ," ಎಂದರು ದೊಡ್ಡಮ್ಮ. "ಹೋಗ್ತಿದೀನಿ." ಮೇಸ್ತ್ರಿಗೆ ಚುಕ್ಕಾಣಿ ಕೊಟ್ಟರು, ಹಾಯಿಯ ಹಗ್ಗವನ್ನು ನನ್ನ ಕೈಗೆ ತುರುಕಿದರು.

ದೊಡ್ಡಮ್ಮ ಹೊಲಿದ ಹಾಯಿ ಏರಿತು, ಗಾಳಿ ತುಂಬಿತು, ದೋಣಿ ಒಂದು ಪಕ್ಕಕ್ಕೆ ಜೋರಾಗಿ ವಾಲಿತು. ದೊಡ್ಡಮ್ಮ ಎರಡೂ ಕೈಯಲ್ಲಿ ನನ್ನ ತೋಳನ್ನು ಗಬಕ್ಕನೆ ಹಿಡಿದುಕೊಂಡರು. ಆಗ ನನಗೆ ಹೊಳೆಯಿತು: ಊರವರ ದೋಣಿಗಳಿಗೆಲ್ಲ ಹಾಯಿ ಹೊಲಿದುಕೊಟ್ಟ ಈ ಹೆಂಗಸನ್ನು ಯಾರೂ ಒಂದು ದಿನವೂ ಹಾಯಿಯ ಕೆಳಗೆ ಕೂರಿಸಿರಲಿಲ್ಲ.

"ವಾಪಸ್ ಹೋಗೋಣ್ವಾ ದೊಡ್ಡಮ್ಮ?" ಎಂದೆ.

"ಬಾಯಿ ಮುಚ್ಕೊಂಡು ಹಗ್ಗ ಎಳಿ," ಎಂದರು.