ವಾಲ್ಯೂಮ್ ಸಮವಾದ ಮೇಲೆ

ನನಗೆ ಯಾರಾದರೂ ಬೈದು ಎಷ್ಟು ದಿನವಾಯಿತು ಎಂದು ಯೋಚಿಸುವ ಸ್ಥಿತಿಗೆ ಬಂದಿದ್ದೆ. ಅದಕ್ಕೆ ಕಾರಣ ನನ್ನ ಫೋನಿನ ಒಂದು ಗುಂಡಿ.

ಗಿರಿನಗರದ ಈ ಮನೆಯ ಮಹಡಿಯಲ್ಲಿ ನಾನೊಬ್ಬಳೇ. ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ. ಕಾಗುಣಿತದ ತಪ್ಪುಗಳೊಡನೆ ಹೆಣಗಲು ಬಾಯಿ ಬೇಕಿಲ್ಲ. ಹಾಗಾಗಿ ಇಡೀ ದಿನ ಸ್ಪೀಕರಿನಲ್ಲಿ ಹಾಡು. ತೊಂದರೆಯೆಂದರೆ ಹಾಡುಗಳಿಗೆ ಪರಸ್ಪರ ಹೊಂದಾಣಿಕೆಯಿಲ್ಲ. ಹಳೆಯ ಭಾವಗೀತೆ ಪಿಸುಗುಟ್ಟುತ್ತದೆ ಎಂದು ವಾಲ್ಯೂಮ್ ಏರಿಸಿದರೆ, ಮುಂದಿನದು ತಮಟೆ ಹೊಡೆಯುವ ಸಿನಿಮಾ ಹಾಡು. ಕಿಟಕಿಯ ಗಾಜೂ ಕುಣಿಯುತ್ತದೆ. ಆಗ ಕೆಳಗಿನಿಂದ ಟಕ್ ಟಕ್. ಮನೆಯ ಓನರ್ ಶಾರದಮ್ಮ ಬಟ್ಟೆ ಒಣಹಾಕುವ ಕೋಲಿನಿಂದ ತಮ್ಮ ಚಾವಣಿಗೆ, ಅಂದರೆ ನನ್ನ ನೆಲಕ್ಕೆ, ಕುಟ್ಟುತ್ತಿದ್ದರು. ಹಿಂದೆಯೇ ಮೆಟ್ಟಿಲ ಬುಡದಿಂದ ಕೂಗು: "ಏನಮ್ಮಾ, ಮೇಲೆ ಮದುವೇನಾ?"

ಮದುವೆಯಾಗದ ಐವತ್ತರ ಹೆಂಗಸಿಗೆ ಈ ಪ್ರಶ್ನೆ ಚುಚ್ಚಬೇಕಿತ್ತು. ನನಗೆ ನಗು ಬರುತ್ತಿತ್ತು. ಆದರೂ ವಯಸ್ಸಾದವರಿಗೆ ಯಾಕೆ ತೊಂದರೆ ಎಂದು, ಎಲ್ಲ ಹಾಡುಗಳ ಸದ್ದನ್ನೂ ಸಮ ಮಾಡುವ ಗುಂಡಿ ಒತ್ತಿದೆ. ಜಾಣ ಗುಂಡಿ. ಪ್ರತಿ ಹಾಡಿನ ಅಬ್ಬರವನ್ನು ಅಳೆದು, ಮೆತ್ತಗಿನದನ್ನು ಏರಿಸುತ್ತದೆ, ಜೋರಿನದನ್ನು ಇಳಿಸುತ್ತದೆ. ಏರಿಸುವಾಗ ಯಾವುದಾದರೂ ಪೆಟ್ಟು ಮಿತಿ ಮೀರಿ ದನಿ ಒಡೆದೀತೆಂದು, ಲಿಮಿಟರ್ ಎಂಬ ಕಾವಲುಗಾರ ಅದರ ತಲೆಯನ್ನು ಮೊದಲೇ ಅದುಮುತ್ತಾನೆ. ನಾನು ಶಾಲೆಯಲ್ಲಿ ಕ್ಲಾಸ್ ಲೀಡರ್ ಆಗಿದ್ದಾಗ ಮಾಡುತ್ತಿದ್ದುದೂ ಇದನ್ನೇ. ಆಗ ಯಾರೂ ನನ್ನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ.

ಹಾಡುಗಳೆಲ್ಲ ಸಭ್ಯವಾದವು. ಕೋಲೂ ಸುಮ್ಮನಾಯಿತು. ಕೆಲವು ವಾರ ಕಳೆದ ಮೇಲೆ ತಿಳಿಯಿತು, ನನ್ನನ್ನು ಮಾತಾಡಿಸುತ್ತಿದ್ದವರು ಶಾರದಮ್ಮ ಒಬ್ಬರೇ. ನಾನೇ ಹೋಗಿ ಬಾಗಿಲು ತಟ್ಟಬಹುದಿತ್ತು, ನಿಜ. ಏನೆಂದು ತಟ್ಟುವುದು? ಹೆಪ್ಪು ಕೇಳೋಣವೆಂದರೆ ಫ್ರಿಜ್ಜಿನಲ್ಲಿ ಮೊಸರಿತ್ತು. ಬರೀ ಒಂಟಿತನ ಹಿಡಿದುಕೊಂಡು ಮೆಟ್ಟಿಲಿಳಿಯಲು ನಾಚಿಕೆ.

ಮೊನ್ನೆ ಸಂಜೆ ಆ ಗುಂಡಿ ಆರಿಸಿದೆ. ಭಾವಗೀತೆಗೆ ವಾಲ್ಯೂಮ್ ಏರಿಸಿ, ಪೆನ್ನು ಕೆಳಗಿಟ್ಟು, ತಮಟೆಗೆ ಕಾದೆ. ತಮಟೆ ಬಂತು. ಗಾಜು ಕುಣಿಯಿತು. ಕೋಲಿನ ಸದ್ದಿಲ್ಲ. ವಯಸ್ಸಾದವರು, ಏನಾಯಿತೋ ಏನೋ. ಬರಿಗಾಲಲ್ಲೇ ಹೊರಗೋಡಿದರೆ, ಶಾರದಮ್ಮ ಕೋಲೂರಿಕೊಂಡು ಅರ್ಧ ಮೆಟ್ಟಿಲು ಹತ್ತಿದ್ದರು, ಏದುಸಿರು ಬಿಡುತ್ತ.

"ಜೋರಾಯ್ತಾ ಆಂಟಿ?"

"ಆಗ್ದೇ ಇರುತ್ತಾ? ಇಷ್ಟು ದಿನ ಮೇಲೆ ಫ್ಯಾನ್ ತಿರುಗಿದ ಹಾಗಿತ್ತು. ನೀನು ಇದ್ದೀಯೋ ಇಲ್ವೋ ಗೊತ್ತಾಗ್ತಿರಲಿಲ್ಲ. ಬೈಯೋಣ ಅಂದ್ರೆ ನಂಗಾದ್ರೂ ಇನ್ಯಾರಿದಾರೆ?"

ಹಾಡು ನಿಲ್ಲಿಸಲು ಒಳಕ್ಕೆ ತಿರುಗಿದೆ.

"ಸ್ವಲ್ಪ ಕಡಿಮೆ ಮಾಡು ಸಾಕು," ಎಂದು ಅವರು ಮೆಟ್ಟಿಲ ಮೇಲೇ ಕೂತರು. "ಪೂರ್ತಿ ಆರಿಸ್ಬೇಡ."

ಆ ಗುಂಡಿಯನ್ನು ಮತ್ತೆ ಒತ್ತಿಲ್ಲ. ಸದ್ದು ಸಮ ಮಾಡಲು ನಮ್ಮಲ್ಲಿ ಕೋಲಿದೆ.