ಬಾಗಿಲಿಗೆ ಚಿಲಕವಿರುವ ಕಾರಂಜಿ

ನಾರಿಸ್ ಹೇಗ್ ನಮ್ಮ ಯಾರ್ಕ್‌ಶೈರ್ ಕಣಿವೆಯಲ್ಲಿ ಮೂವತ್ತೊಂದು ವರ್ಷ ಮೂವತ್ತಾರನೇ ನಂಬರಿನ ಬಸ್ಸು ಓಡಿಸಿದವನು. ಅಷ್ಟು ಕಾಲ ಬಸ್ಸು ಓಡಿಸಿದವನ ತಲೆಯಲ್ಲಿ ಉಳಿಯುವುದು ರಸ್ತೆಯ ತಿರುವುಗಳಲ್ಲ, ಉಚ್ಚೆ ಹೊಯ್ಯುವ ಜಾಗಗಳು. ಯಾವ ಪಬ್ಬಿನವನು ಮುಖ ಗಂಟಿಕ್ಕದೆ ಒಳಗೆ ಬಿಡುತ್ತಾನೆ, ಯಾವ ಚರ್ಚಿನ ಹಿಂಬಾಗಿಲಿಗೆ ಬೀಗವಿಲ್ಲ ಎನ್ನುವುದೆಲ್ಲ ಅವನಿಗೆ ಬಾಯಿಪಾಠ. ಹೀಗಿರುವಾಗ ಪೇಟೆ ಚೌಕದ ಕಟ್ಟಕಡೆಯ ಶೌಚಾಲಯಕ್ಕೆ ಊರಾಡಳಿತದ ಕೌನ್ಸಿಲಿನವರು ಉಳಿತಾಯದ ಹೆಸರಲ್ಲಿ ಹಲಗೆ ಹೊಡೆದು ಹೋದರು. ಉಳಿಸಿದ್ದು ಏನನ್ನೋ, ದೇವರೇ ಬಲ್ಲ.

ಅದರ ಪೆಟ್ಟು ಬಿದ್ದದ್ದು ನಾರಿಸ್‌ಗಲ್ಲ, ಗಂಡಸಿಗೆ ಗೋಡೆಯಾದರೂ ಇದೆ. ಬಿದ್ದದ್ದು ಅವನ ಹೆಂಡತಿ ಬೆರಿಲ್‌ಗೆ. ಕರುಳಿನ ಆಪರೇಷನ್ ಆದಮೇಲೆ ಅವಳ ಬಾಯಲ್ಲಿ ‘ಅವಸರ’ ಎಂಬ ಮಾತಿಗೆ ಒಂದೇ ಅರ್ಥ. ಅದು ಬಂದರೆ ಎರಡು ನಿಮಿಷದೊಳಗೆ ಬಾಗಿಲು ಸಿಗಬೇಕು. ಗುರುವಾರದ ಸಂತೆಯಲ್ಲಿ ತಂಗಿಯ ಚೀಸ್ ಅಂಗಡಿಯ ಮುಂದೆ ನಿಂತು ಊರಿನ ಮಾನ ಹರಾಜು ಹಾಕುತ್ತಿದ್ದ ಹೆಂಗಸು ಎರಡು ವರ್ಷದಿಂದ ಪೇಟೆಯ ಕಡೆ ತಲೆ ಹಾಕಿರಲಿಲ್ಲ.

“ನಂಗೇನು ಕಿಟಕಿ ಇಲ್ವಾ? ಇಲ್ಲಿಂದ್ಲೇ ಎಲ್ಲಾ ಕಾಣುತ್ತೆ” ಅನ್ನುತ್ತಿದ್ದಳು. ಆ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯ ಕಸದ ಡಬ್ಬ.

ಆಗ ಹಾರುವ ಕುರಿಯ ಸುದ್ದಿ ಬಂತು. ಹಳೇ ಉಣ್ಣೆ ಗಿರಣಿ ಕೆಡವಿ ನೂರ ನಲವತ್ತು ಮನೆ ಕಟ್ಟಿದ ಬಿಲ್ಡರು, ಪರವಾನಗಿ ಸಿಗುವಾಗ ಕೌನ್ಸಿಲಿನ ಜೊತೆ ಕರಾರು ಮಾಡಿಕೊಂಡಿದ್ದ: ಶಾಲೆಗಿಷ್ಟು, ರಸ್ತೆಗಿಷ್ಟು, ಚೌಕದಲ್ಲಿ ಸಾರ್ವಜನಿಕ ಕಲಾಕೃತಿಗೆ ನಲವತ್ತು ಸಾವಿರ ಪೌಂಡು. ಹತ್ತು ವರ್ಷದಲ್ಲಿ ಖರ್ಚಾಗದಿದ್ದರೆ ದುಡ್ಡು ಅವನ ಜೇಬಿಗೇ ವಾಪಸ್ಸು. ಕೌನ್ಸಿಲು ಒಂಬತ್ತು ವರ್ಷ ಅದರ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂತಿತ್ತು. ಕೋಳಿಯಾದರೂ ಇಪ್ಪತ್ತೊಂದನೇ ದಿನಕ್ಕೆ ಏನಾದರೂ ತೋರಿಸುತ್ತದೆ. ಇವರು ಗಡುವು ಕುತ್ತಿಗೆಗೆ ಬಂದಮೇಲೆ ಎದ್ದು, ರೆಕ್ಕೆಯಿರುವ ಉಕ್ಕಿನ ಕುರಿ ನಿಲ್ಲಿಸುತ್ತೇವೆ ಎಂದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!

ನಾರಿಸ್ ಕೌನ್ಸಿಲ್ ಕಚೇರಿಗೆ ಹೋಗಿ ಆ ಕರಾರಿನ ಪ್ರತಿ ಕೇಳಿದ. ನಲವತ್ತಾರು ಪುಟ. ಟೀ ಆರಲು ಬಿಟ್ಟು, ಸಾಲಿನ ಮೇಲೆ ಬೆರಳಿಟ್ಟು, ಒಂದು ವಾರ ಓದಿದ. ಮೂವತ್ತೆಂಟನೇ ಪುಟದಲ್ಲಿ ಅವನ ಬೆರಳು ನಿಂತಿತು.

ಲೈಬ್ರರಿಯಲ್ಲಿ ಕುರಿಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆ ನಡೆಯಿತು. ಪ್ಲಾನಿಂಗ್ ಅಧಿಕಾರಿ ಟ್ರೆವರ್ ಲಂಬ್ ಟೈ ಸರಿಮಾಡಿಕೊಂಡು, “ಹೇಗ್ ಅವ್ರೇ, ನಿಮ್ಗೆ ಮೂರು ನಿಮಿಷ” ಅಂದ.

“ಸ್ಕೂಲಿಗೆ ಹೋಗುವಾಗ ನಿಂಗೆ ವಾಂತಿ ಬಂದ್ರೆ ನಾನು ಬಸ್ಸು ಹತ್ತು ನಿಮಿಷ ನಿಲ್ಲಿಸ್ತಿದ್ದೆ, ಟ್ರೆವರ್” ಅಂದ ನಾರಿಸ್. ಹಿಂದಿನ ಸಾಲಿನವರು ಕಿಸಕ್ಕೆಂದರು. “ಇರ್ಲಿ. ಆ ದುಡ್ಡಲ್ಲಿ ಹಳೇ ಶೌಚಾಲಯ ರಿಪೇರಿ ಮಾಡಿಸಿ.”

“ಆಗಲ್ಲ. ಕರಾರಲ್ಲಿ ಕಲಾಕೃತಿ ಅಂತಿದೆ. ಬೇರೆದಕ್ಕೆ ಒಂದು ಪೆನ್ನಿ ಮುಟ್ಟೋ ಹಾಗಿಲ್ಲ.”

“ಮೂವತ್ತೆಂಟನೇ ಪುಟ ಓದಿದೀಯಾ?”

ಲಂಬ್ ಓದಿರಲಿಲ್ಲ. ನಾರಿಸ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ: “‘ಕಲಾಕೃತಿಯು ಜನರು ನೋಡುವಂಥದ್ದು ಅಥವಾ ಬಳಸುವಂಥದ್ದು ಇರಬಹುದು, ಅದಕ್ಕೆ ಬೇಕಾದ ಗೋಡೆ, ನೀರು, ದೀಪ, ಚರಂಡಿಯೂ ಸೇರಿದೆ.’ ಕುರಿಗೆ ಚರಂಡಿ ಯಾಕಪ್ಪಾ?”

“ಅದು... ಆಗ ಕಾರಂಜಿ ಮಾಡೋಣ ಅಂತಿದ್ವಿ.”

“ಸರಿ ಹೋಯ್ತು. ನಂಗೂ ಕಾರಂಜಿನೇ ಬೇಕು. ನೀರು ಮೇಲಿಂದ ಬೀಳುತ್ತೆ, ಕೆಳಗೆ ಹೋಗುತ್ತೆ. ಬಾಗಿಲಿಗೊಂದು ಚಿಲಕ ಇರ್ಲಿ, ಅಷ್ಟೇ.”

ಲೈಬ್ರರಿಯಲ್ಲಿ ಅಂಥ ಗದ್ದಲ ಅದಕ್ಕೆ ಹಿಂದೆ ಆಗಿರಲಿಲ್ಲ. ಲಂಬ್ ಮುಖ ಬೀಟ್‌ರೂಟ್ ಆಯಿತು. “ಅದರಲ್ಲಿ ಕಲೆ ಎಲ್ಲಿದೆ?”

ಕುರಿ ಮಾಡಲು ಕರೆಸಿದ್ದ ಶಿಲ್ಪಿ ಇಸಾಲ್ಡ್ ಮೂಲೆಯಲ್ಲಿ ಕೂತಿದ್ದಳು. ಆ ರೆಕ್ಕೆಗಳ ನಕ್ಷೆಯನ್ನು ಕೌನ್ಸಿಲು ಅವಳ ಕೈಲಿ ಏಳು ಸಲ ತಿದ್ದಿಸಿತ್ತು. “ನಾನು ಗೋಡೆಗೆ ಟೈಲ್ಸ್ ಮಾಡ್ತೀನಿ” ಅಂದಳು. “ಒಳಗೂ ಹೊರಗೂ ಗೋಡೆ ತುಂಬ ಕುರಿಗಳು. ಕೂತವ್ರಿಗೆ ನೋಡೋಕೆ ಬೇಕಾದಷ್ಟು ಹೊತ್ತಿರುತ್ತೆ.”

“ದಿನಾ ತೊಳೆಯೋರ್ಯಾರು?” ಲಂಬ್‌ನ ಕೊನೆಯ ಬಾಣ.

“ನಾನು” ಅಂದ ನಾರಿಸ್. ಈ ಸಲ ಯಾರೂ ನಗಲಿಲ್ಲ.

ಕೌನ್ಸಿಲಿನ ವಕೀಲ ಐದು ವಾರ ಆ ಒಂದು ವಾಕ್ಯವನ್ನು ಮೂಸಿ ನೋಡಿದ. ಅದನ್ನು ಬರೆದವನು ಅವನೇ, ಅಲ್ಲಗಳೆಯುವ ಹಾಗಿರಲಿಲ್ಲ. ಬಿಲ್ಡರನ ಕಡೆಯವರೂ ಗೊಣಗಿದರು. ಆದರೆ ಮಾರದೆ ಉಳಿದ ಹನ್ನೊಂದು ಮನೆ ಇಟ್ಟುಕೊಂಡು, ‘ಊರಿನ ಮುದುಕಿಯರ ಶೌಚಾಲಯ ಕಸಿದವರು’ ಅನ್ನಿಸಿಕೊಳ್ಳಲು ಅವರಿಗೇನು ಹುಚ್ಚೇ? ಗಡುವಿಗೆ ಇನ್ನೂ ಹತ್ತೊಂಬತ್ತು ದಿನ ಇರುವಾಗ ಹಲಗೆ ಕಿತ್ತರು. ಬಾಗಿಲ ಪಕ್ಕ ಹಿತ್ತಾಳೆ ಫಲಕ ಬಂತು: ‘ಸಾರ್ವಜನಿಕ ಕಲಾಕೃತಿ. ಒಳಗೆ ಬನ್ನಿ.’

ಮೊದಲ ಗುರುವಾರ ಬೆರಿಲ್ ಮೂವತ್ತಾರನೇ ನಂಬರಿನ ಬಸ್ಸಿಂದ ಇಳಿದಳು. ನೆಟ್ಟಗೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾರಿಸ್ ಬಕೆಟ್ಟು ಹಿಡಿದು ಹೊರಗೆ ನಿಂತ. ಐದು ನಿಮಿಷವಾಯಿತು, ಹತ್ತಾಯಿತು. ಅವನು ಬಕೆಟ್ಟು ಕೆಳಗಿಟ್ಟು ಬಾಗಿಲು ತಟ್ಟಿದ.

“ಬೆರಿಲ್? ಹುಷಾರಾಗಿದೀಯೇನೇ?”

“ಸುಮ್ನಿರೋ, ಕುರಿ ಎಣಿಸ್ತಿದೀನಿ!” ಒಳಗಿಂದ ಕೂಗು. ಹೊರಗೆ ಬಂದವಳು ಕೋಟು ಕೊಡವಿಕೊಂಡಳು. “ಮೂಲೇಲಿರೋ ಕುರಿ ಥೇಟ್ ಲಂಬ್ ಮುಖ.”

“ಮನೆಗೆ ಹೊರಡೋಣ್ವಾ?”

ಚೀಸ್ ಅಂಗಡಿಯ ಹಿಂದಿಂದ ತಂಗಿ ಕೈ ಬೀಸುತ್ತಿದ್ದಳು. ಬೆರಿಲ್ ಆಗಲೇ ಆ ಕಡೆ ತಿರುಗಿದ್ದಳು.

“ನೀನು ಬೇಕಾದ್ರೆ ಹೋಗು” ಅಂದಳು. “ನಂಗೇನೂ ಅವಸರ ಇಲ್ಲ.”