ಉಡುಪಿಗೆ ಹೋಗಿ ಬಂದ ಅರೆಯುವ ಕಲ್ಲು

ಕುಕ್ಕುಂದೂರಿನಲ್ಲಿ ಸನ್ನ ಎಂದರೆ ಇಮೆಲ್ಡಾ ಬಾಯಮ್ಮನದ್ದು. ಅಕ್ಕಿ, ಉದ್ದು ಅರೆದು, ಶೇಂದಿ ಸೇರಿಸಿ ಉಬ್ಬಿಸಿ, ಹಬೆಯಲ್ಲಿ ಬೇಯಿಸಿದರೆ ಹತ್ತಿಯ ಹಾಗೆ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದ ಊಟಕ್ಕೆ ಇಪ್ಪತ್ತು ವರ್ಷದಿಂದ ಅವರದ್ದೇ ಆಗಬೇಕು. ಆದರೆ ಕಳೆದ ಮೇ ತಿಂಗಳಲ್ಲಿ ಅರ್ಧ ಅರೆದಾಗ ಹೋದ ಕರೆಂಟು ಬಂದದ್ದು ಆರು ಗಂಟೆ ಕಳೆದು. ಸನ್ನ ಚಪ್ಪಲಿಯ ಅಟ್ಟೆಯ ಹಾಗಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೂ ಆಗುತ್ತಿತ್ತು, ಮುಂದಿನ ಎರಡು ರೋಸ್ ಸುಮ್ಮನೆ ಹಿರಿಯಡ್ಕದ ಹೆಂಗಸಿಗೆ ಹೋದವು.

ಈಗ ನೆರೆಮನೆಯ ಕಾನ್ಸೆಪ್ಟಾಳ ಮಗಳ ರೋಸ್. ನಾನೂರು ಸನ್ನ. ಇದೂ ಕೆಟ್ಟರೆ ಹಬೆ ಪಾತ್ರೆ ಅಟ್ಟಕ್ಕೆ.

ಇನ್ವರ್ಟರ್ ಹಾಕಿಸುವ ಅಂದರೆ ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡದ ಮಾಲೀಕ. ಗಂಡ ಲೂಯಿಸ್ ಕುವೈತಿನಲ್ಲಿ ಹದಿನೆಂಟು ವರ್ಷ ಡ್ರೈವರ್ ಆಗಿದ್ದವರು, ಮಾತು ಕೇಳಿದರೆ ಇಂಜಿನಿಯರ್. ‘ಈಗ ಎತ್ತಿಕೊಂಡು ಹೋಗುವ ಬ್ಯಾಟರಿ ಪೆಟ್ಟಿಗೆ ಬಂದಿದೆ ಇಮೆಲ್ಡಾ, ಪವರ್ ಸ್ಟೇಷನ್ ಅಂತ. ಚಾರ್ಜ್ ಮಾಡಿಟ್ಟರೆ ಮುಗಿಯಿತು. ಫೋನಿನಲ್ಲಿ ತರಿಸುತ್ತೇನೆ.’

‘ನನ್ನ ಕಲ್ಲು ತಿರುಗಿಸುತ್ತದಾ ಅಂತ ಫೋನ್ ಹೇಳ್ತದಾ?’

ಮರುದಿನ ಬೆಳಿಗ್ಗೆ ಐದು ಲೀಟರಿನ ಗ್ರೈಂಡರ್ ಉಡುಪಿ ಬಸ್ಸಿನ ಡಿಕ್ಕಿ ಹತ್ತಿತು. ಬಾಯಮ್ಮನ ಮಡಿಲಲ್ಲಿ ನೆನೆಸಿದ ಅಕ್ಕಿಯ ಬಾಲ್ದಿ, ಪಕ್ಕದಲ್ಲಿ ಲೂಯಿಸ್.

ಕಂಡಕ್ಟರ್ ನಕ್ಕ. ‘ಎಂತ ಬಾಯಮ್ಮ, ಕಲ್ಲಿಗೂ ಪೇಟೆ ತೋರಿಸುವುದಾ?’

‘ನೀನು ಸೀಟಿ ಊದು ಮಾರಾಯ.’

ಉಡುಪಿಯ ಬ್ಯಾಟರಿ ಅಂಗಡಿಯ ತಿಲಕ್ ಮೇಜಿನ ಮೇಲೆ ಎರಡು ಪೆಟ್ಟಿಗೆ ಇಟ್ಟ. ಸಣ್ಣದು ಐನೂರು ವಾಟ್, ಹಗುರ. ದೊಡ್ಡದು ಸಾವಿರ ವಾಟ್, ಹೆಣಭಾರ. ಸಣ್ಣದಕ್ಕೆ ಬಲ್ಬು, ಫ್ಯಾನು ಹಾಕಿ ತೋರಿಸಿದ. ಬಾಯಮ್ಮ ಗ್ರೈಂಡರಿನ ವಯರ್ ಸಿಕ್ಕಿಸಿದರು. ಖಾಲಿ ಕಲ್ಲು ಗರಗರ ತಿರುಗಿತು.

‘ನಾನು ಹೇಳಲಿಲ್ವಾ?’ ಲೂಯಿಸ್ ಎದೆ ಉಬ್ಬಿತು. ‘ಮುನ್ನೂರು ವಾಟ್ ಮೋಟಾರಿಗೆ ಐನೂರು ಧಾರಾಳ. ಪ್ಯಾಕ್ ಮಾಡಪ್ಪ.’

‘ಖಾಲಿ ಕಲ್ಲಿನಿಂದ ಸನ್ನ ಆಗ್ತದಾ?’ ಬಾಯಮ್ಮ ನಿಲ್ಲಿಸಿ, ಅಕ್ಕಿ ಸುರಿದು, ಪುನಃ ಸ್ವಿಚ್ ಹಾಕಿದರು. ಕಲ್ಲು ಒಮ್ಮೆ ಗುರ್ ಅಂದಿತು, ಪೆಟ್ಟಿಗೆ ಕೀಂ ಅಂದು ಆರಿಹೋಯಿತು. ಮತ್ತೊಮ್ಮೆ ಹಾಕಿದರು. ಅದೇ ಕಥೆ.

‘ಭಾರ ಹೊತ್ತು ಹೊರಡುವಾಗ ಮೋಟಾರು ಎರಡು ಮೂರು ಪಟ್ಟು ಕರೆಂಟು ಎಳೆಯುತ್ತದೆ ಬಾಯಮ್ಮ,’ ತಿಲಕ್ ತಲೆ ಕೆರೆದುಕೊಂಡ.

‘ಅದನ್ನು ಮೊದಲು ಹೇಳಲಿಕ್ಕೆ ನಿನಗೆ ಎಂತ ಧಾಡಿ?’

ದೊಡ್ಡದಕ್ಕೆ ಹಾಕಿದರು. ಕಲ್ಲು ಹೊರಟಿತು. ಬಾಯಮ್ಮ ಅಲ್ಲೇ ಸ್ಟೂಲ್ ಎಳೆದು ಕುಳಿತು, ಅರ್ಧ ಗಂಟೆ ಅರೆದು, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ತಲೆಯಾಡಿಸಿದರು. ಗಿರಾಕಿಗಳು ನೋಡಿದ್ದೇ ನೋಡಿದ್ದು.

‘ಇದನ್ನು ಯಾರು ಎತ್ತುವುದು?’ ಲೂಯಿಸ್ ಗೊಣಗಿದರು.

‘ಅನ್ನ ತಿನ್ನುವವರು.’

ರೋಸ್‌ನ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ, ಮೊದಲ ಸಲದ ಅಕ್ಕಿ ಹಾಕುವಷ್ಟರಲ್ಲಿ, ಕರೆಂಟು ಹೋಯಿತು. ಬಾಯಮ್ಮ ಶಿಲುಬೆ ಗುರುತು ಹಾಕಿಕೊಂಡು ಗ್ರೈಂಡರಿನ ವಯರ್ ಪೆಟ್ಟಿಗೆಗೆ ಬದಲಿಸಿದರು. ಕಲ್ಲು ತಿರುಗಿತು. ಲೂಯಿಸ್ ಪೆಟ್ಟಿಗೆಯ ಮುಂದೆ ಕುಳಿತು, ಎಷ್ಟು ಪರ್ಸೆಂಟ್ ಚಾರ್ಜ್ ಉಳಿದಿದೆ ಎಂದು ಕ್ರಿಕೆಟ್ ಸ್ಕೋರ್ ಕೂಗಿದ ಹಾಗೆ ಕೂಗುತ್ತಿದ್ದರು: ‘ಎಂಬತ್ತೆರಡು! ಅರವತ್ತೈದು! ಸೆಕೆ ಮಾರಾಯ್ತಿ, ಫ್ಯಾನೊಂದು ಹಾಕಲಾ?’

‘ಹಾಕಿದರೆ ಕೈ ಮುರಿಯುತ್ತೇನೆ.’

ನಾಲ್ಕನೆಯ, ಕೊನೆಯ ಸಲದ್ದು ಅರೆದು ಮುಗಿಯುವಾಗ ಮೂವತ್ತೊಂದು ಉಳಿದಿತ್ತು. ಕರೆಂಟು ಇನ್ನೂ ಬಂದಿರಲಿಲ್ಲ. ಬಾಯಮ್ಮ ಹಿಟ್ಟಿಗೆ ಶೇಂದಿ ಸುರಿದು, ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡು ಬಂದು, ಬೆವರಿನಲ್ಲಿ ತೊಯ್ದು ಕುಳಿತಿದ್ದ ಗಂಡನ ಕಡೆಗೆ ಫ್ಯಾನು ತಿರುಗಿಸಿ, ವಯರ್ ಪೆಟ್ಟಿಗೆಗೆ ಸಿಕ್ಕಿಸಿ ತಾವೇ ಸ್ವಿಚ್ ಹಾಕಿದರು.